ಐದನೇ ಭಾನುವಾರದ ಅತಿಥಿ

ಜೆ.ಪಿ. ನಗರದಿಂದ ಸಾರಕ್ಕಿ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ, ಹತ್ತಡಿ ಅಗಲವೂ ಇಲ್ಲದ ಒಂದು ಅಂಗಡಿಯ ಶಟರಿಗೆ ‘ಬಾಡಿಗೆಗೆ ಇದೆ’ ಎಂದು ಚೀಟಿ ಅಂಟಿಸಿದ್ದಾರೆ. ಹೋದ ವಾರ ಸೊಪ್ಪು ತರಲು ಹೊರಟವಳು ಅದನ್ನು ನೋಡಿದೆ. ನೋಡಿ, ಸೊಪ್ಪನ್ನೂ ತರದೆ ಮನೆಗೆ ವಾಪಸಾದೆ. “ಸೊಪ್ಪೆಲ್ಲೇ?” ಎಂದರು ನಮ್ಮ ಯಜಮಾನರು. “ಟೈಲರ್ ಅಂಕಲ್ ಅಂಗಡಿ ಬಾಡಿಗೆಗಂತೆ” ಎಂದೆ. ಅವರು ಮತ್ತೆ ಸೊಪ್ಪಿನ ಮಾತೆತ್ತಲಿಲ್ಲ.

ಟೈಲರ್ ಅಂಕಲ್ ಎನ್ನುವುದು ನನ್ನ ಮಗಳು ಚಿಕ್ಕವಳಿದ್ದಾಗ ಬಾಯಿಗೆ ಬಂದಂತೆ ಕರೆದದ್ದು. ಅದೇ ನಿಂತುಹೋಯಿತು. ಯಜಮಾನರಿಗೂ ಅವರು ಟೈಲರ್ ಅಂಕಲ್ಲೇ, ನನಗೂ ಅಷ್ಟೇ, ಇಡೀ ಬೀದಿಗೂ ಅಷ್ಟೇ. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳಾದ್ದರಿಂದ ಅವರ ಬಾಯಲ್ಲಿ ಟೀಚರಮ್ಮ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಏನೋ ಕಡಿಮೆಯಾಗಿದೆ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಅವರ ಅಂಗಡಿಗೆ ಬೋರ್ಡು ಇರಲಿಲ್ಲ. ಮದುವೆ ಬ್ಲೌಸು, ಸ್ಕೂಲ್ ಯೂನಿಫಾರಂ ಇತ್ಯಾದಿಗಳನ್ನು ಅವರು ಮುಟ್ಟುತ್ತಿರಲಿಲ್ಲ. ಹೊಲಿಯುತ್ತಿದ್ದದ್ದು ಪಾದ್ರಿಗಳ ಬಟ್ಟೆ. ಕ್ಯಾಥೊಲಿಕ್ ಫಾದರ್‌ಗಳ ಪಾದ ಮುಟ್ಟುವ ನಿಲುವಂಗಿ, ನಮ್ಮ ಪ್ರೊಟೆಸ್ಟೆಂಟ್ ಸಭಾಪಾಲಕರ ನಿಲುವಂಗಿ, ಮಲಯಾಳಿಗಳ ಸಿರಿಯನ್ ಚರ್ಚಿನ ಅಚ್ಚನ್‌ಗಳ ದೊಗಳೆ ಅಂಗಿ, ಪೆಂತೆಕೊಸ್ತ್ ಪಾಸ್ಟರುಗಳ ಬಿಳಿ ತುಂಬುತೋಳಿನ ಶರ್ಟು. ನಮ್ಮಂಥವರಿಗೆ ಎಲ್ಲವೂ ಬಿಳಿ ಬಟ್ಟೆಯೇ. ಅವರು ಮಾತ್ರ ಕತ್ತಿಗೆ ಟೇಪು ಹಾಕಿಕೊಂಡು, ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡು ಪಾಠ ಮಾಡುತ್ತಿದ್ದರು. “ಕಾಲರ್ ಬೇರೆ, ಗುಂಡಿ ಬೇರೆ, ತೋಳು ಬೇರೆ ಟೀಚರಮ್ಮ. ಹೊಟ್ಟೆ ಮಾತ್ರ ಎಲ್ರದ್ದೂ ಒಂದೇ. ನಲ್ವತ್ತು ಇಂಚು ದಾಟಿದ್ಮೇಲೆ ಯಾರಿಗೂ ಪಂಗಡ ಇಲ್ಲ.”

ಬಟ್ಟೆ ಕೊಟ್ಟ ಮೇಲೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ಮುಂದೆ ಆ ಚರ್ಚಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಕೂರುವರು. ಪಾದ್ರಿಗಳು ಕೊನೆಯಲ್ಲಿ ಆಶೀರ್ವಾದಕ್ಕೆ ಎರಡೂ ಕೈ ಎತ್ತುತ್ತಾರಲ್ಲ, ಆಗ ಎಲ್ಲರೂ ಕಣ್ಣು ಮುಚ್ಚಿ ತಲೆ ಬಗ್ಗಿಸಿದರೆ ಇವರು ಕಣ್ಣು ಅಗಲಿಸಿ ಕಂಕುಳು ನೋಡುವರು. ಬಟ್ಟೆ ಅಲ್ಲಿ ಹಿಡಿಯಿತೋ ಬಿಟ್ಟಿತೋ ತಿಳಿಯಬೇಕು. ನಾನೊಮ್ಮೆ ಅವರನ್ನು ಹಾಗೆ ನೋಡುವಾಗಲೇ ಹಿಡಿದು, “ಏನ್ ಅಂಕಲ್, ಕಣ್ ಬಿಟ್ಕೊಂಡು ಆಶೀರ್ವಾದ ತಗೋತೀರಾ?” ಎಂದು ಕೇಳಿದ್ದೆ. “ನೀವು ಹೆಂಗ್ ನೋಡಿದ್ರಿ ಹಾಗಾದ್ರೆ?” ಎಂದರು.

ಅವರು ಹುಟ್ಟಿದ್ದು ಕೋಲಾರದ ಕಡೆಯ ಪ್ರೊಟೆಸ್ಟೆಂಟ್ ಮನೆಯಲ್ಲಿ. ಮದುವೆಯಾದದ್ದು ಬೇಗೂರಿನ ಕಡೆಯ ಕ್ಯಾಥೊಲಿಕ್ ಹೆಣ್ಣನ್ನು. ನೀನು ಈ ಕಡೆ ಬಾ, ಇಲ್ಲ ನೀನೇ ಆ ಕಡೆ ಬಾ ಎಂದು ಎರಡು ಮನೆಯವರೂ ಹಗ್ಗ ಜಗ್ಗಿದರಂತೆ. ಇಬ್ಬರೂ ಕದಲಲಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ಒಂದು ಭಾನುವಾರ ಅವಳ ಚರ್ಚಿಗೆ ಇಬ್ಬರೂ, ಇನ್ನೊಂದು ಭಾನುವಾರ ಇವರ ಚರ್ಚಿಗೆ ಇಬ್ಬರೂ ಎಂದು ಗೊತ್ತುಮಾಡಿಕೊಂಡರು. ಮಕ್ಕಳಾಗಲಿಲ್ಲ. ಆಕೆ ತೀರಿಕೊಂಡ ಮೇಲೆ ಇವರು ಒಂದು ಕಡೆ ನೆಲೆ ನಿಲ್ಲಬಹುದು ಎಂದು ಎರಡೂ ಚರ್ಚಿನವರು ಕಾದರು. ಇವರು ಇನ್ನೆರಡು ಸೇರಿಸಿಕೊಂಡರು. ಮೊದಲನೇ ಭಾನುವಾರ ಹೆಂಡತಿಯ ಕ್ಯಾಥೊಲಿಕ್ ಚರ್ಚು, ಎರಡನೆಯದು ನಮ್ಮ ಪ್ರೊಟೆಸ್ಟೆಂಟ್ ಸಭೆ, ಮೂರನೆಯದು ಸಿರಿಯನ್ ಚರ್ಚು, ನಾಲ್ಕನೆಯದು ಬಿ.ಟಿ.ಎಂ. ಲೇಔಟಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿರುವ ಪೆಂತೆಕೊಸ್ತ್ ಪ್ರಾರ್ಥನಾಲಯ. ಮಲಯಾಳ ಅವರಿಗೆ ಒಂದಕ್ಷರ ಬರುತ್ತಿರಲಿಲ್ಲ.

“ಒಂದೇ ಕಡೆ ಇದ್ದು ಮೆಂಬರ್ ಆಗ್ಬಾರ್ದಾ ಅಂಕಲ್?” ಎಂದು ನಾನೇ ಕೇಳಿದ್ದೆ.

“ಒಂದೇ ಕಡೆ ಹೋದ್ರೆ ಒಂದೇ ಕಡೆ ಕೇಳ್ತಾರೆ, ಯಾಕೆ ಬರ್ಲಿಲ್ಲ ಅಂತ. ನಾಲ್ಕು ಕಡೆ ಹೋದ್ರೆ ನಾಲ್ಕು ಕಡೆ ಕೇಳ್ತಾರೆ. ಒಬ್ಬಂಟಿ ಮನುಷ್ಯ ಟೀಚರಮ್ಮ, ನಂಗೆ ಅಷ್ಟು ಬೇಕು” ಎಂದರು. ನಗುತ್ತಲೇ ಹೇಳಿದರು. ನಾನೂ ನಕ್ಕೆ.

ಇನ್ನು ನಮ್ಮ ಮನೆಯ ವಿಷಯ. ಬನಶಂಕರಿಯ ನಮ್ಮ ಗೇಟಿನಿಂದ ಭಾನುವಾರ ಬೆಳಿಗ್ಗೆ ಮೂರು ದಾರಿ ಹೊರಡುತ್ತವೆ. ಯಜಮಾನರು ಕ್ಯಾಥೊಲಿಕ್, ಅವರು ಅಂಕಲ್ ಹೆಂಡತಿಯದೇ ಚರ್ಚಿಗೆ, ಪೂಜೆಗೆ. ನಾನು ಪ್ರೊಟೆಸ್ಟೆಂಟ್, ಆರಾಧನೆಗೆ. ಮಗಳು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಗೆಳತಿಯರ ಜೊತೆ ಹೋಗಿ ಹೋಗಿ ಅದೇ ಪೆಂತೆಕೊಸ್ತ್ ಸಭೆಗೆ ಸೇರಿ ಕೀಬೋರ್ಡ್ ನುಡಿಸುತ್ತಾಳೆ. ಒಂದೇ ಯೇಸುವನ್ನು ನೋಡಲು ಮೂರು ಗಾಡಿ. ಪೆಟ್ರೋಲ್ ದಂಡ ಎಂದು ನನ್ನ ತಾಯಿ ಬದುಕಿರುವ ತನಕ ಬೈಯುತ್ತಿದ್ದಳು. ಯಜಮಾನರ ಪ್ರಾರ್ಥನೆಯಲ್ಲಿ ದೇವರು ಸ್ವರ್ಗದಲ್ಲಿದ್ದಾನೆ, ನನ್ನದರಲ್ಲಿ ಪರಲೋಕದಲ್ಲಿದ್ದಾನೆ. ಅವರು ಪ್ರಭು ಎಂದರೆ ನಾನು ಕರ್ತ. ಮದುವೆಯಾದ ಹೊಸದರಲ್ಲಿ ಮಾತೆ ಮರಿಯಮ್ಮನ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದೇವೆ. ಈಗ ಅಷ್ಟು ಶಕ್ತಿಯಿಲ್ಲ, ಮಾತು ಬಿಟ್ಟರೆ ಮಾತ್ರೆ ನೆನಪಿಸುವವರು ಯಾರು?

ತಿಂಗಳಲ್ಲಿ ಐದು ಭಾನುವಾರ ಬಿದ್ದರೆ ಆ ಐದನೆಯದು ಟೈಲರ್ ಅಂಕಲ್‌ಗೆ ಖಾಲಿ. ಅದನ್ನು ನಮಗೆ ಕೊಟ್ಟಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಗೇಟು ಸದ್ದಾಗುತ್ತಿತ್ತು. ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು, ಯಾವಾಗಲೂ ಏಲಕ್ಕಿಬಾಳೆ. ಊಟಕ್ಕೆ ಕೂತಾಗ ಪ್ರಾರ್ಥನೆ ಯಾರು ಮಾಡಬೇಕು ಎಂಬ ಜಗಳ ನಮ್ಮ ಮೂವರಲ್ಲಿ. ಯಜಮಾನರದ್ದು ಚಿಕ್ಕದು, ನನ್ನದು ಮಧ್ಯಮ, ಮಗಳದ್ದು ಶುರುವಾದರೆ ಸಾರು ಆರುತ್ತದೆ. “ಯಾರ್ ಬಾಯಲ್ಲಿ ಹೇಳಿದ್ರೂ ತಲುಪುತ್ತೆ, ಮುದ್ದೆ ಬಿಸಿ ಇರೋವಾಗ ಹೇಳ್ಬೇಕು ಅಷ್ಟೇ” ಎಂದು ಅಂಕಲ್ ತೀರ್ಪು ಕೊಡುವರು. ಊಟವಾದ ಮೇಲೆ ಗೋಡೆಗೆ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚುವರು. ಎದ್ದು, “ಸರಿ, ಇನ್ನು ಮೂರ್ ತಿಂಗ್ಳಿಗೆ ಸಾಕು” ಎಂದು ಚಪ್ಪಲಿ ಮೆಟ್ಟುವರು. ಇಷ್ಟು ಬರೆಯುವಾಗ ಈಗ ಅನ್ನಿಸುತ್ತದೆ, ನಾವೇಕೆ ಒಂದು ಸಲವೂ ನಾಲ್ಕನೇ ಭಾನುವಾರವೂ ಬನ್ನಿ ಅನ್ನಲಿಲ್ಲ? ಕರೆದಿದ್ದರೆ ಬರುತ್ತಿದ್ದರು.

ಒಂದು ಕ್ರಿಸ್‌ಮಸ್ಸಿಗೆ ನಾನು ಯಜಮಾನರ ಜೊತೆ ಅವರ ಚರ್ಚಿಗೆ ಹೋಗಿದ್ದೆ. ಫಾದರ್ ರೊಟ್ಟಿ ಹಂಚುವ ಪರಮಪ್ರಸಾದದ ಹೊತ್ತು ಬಂದಾಗ ಇಡೀ ಚರ್ಚು ಎದ್ದು ಸಾಲು ನಿಂತಿತು. ನಾನು ಆ ಚರ್ಚಿನವಳಲ್ಲ, ತೆಗೆದುಕೊಳ್ಳುವ ಹಾಗಿಲ್ಲ. ಕೂತೆ. ಗಂಡ ಮುಂದೆ ಮುಂದೆ ಹೋಗುವುದನ್ನು ಖಾಲಿ ಬೆಂಚಿನಲ್ಲಿ ಕೂತು ನೋಡುವುದು ಎಂಥದ್ದು ಎಂದು ಅನುಭವಿಸಿದವರಿಗೇ ಗೊತ್ತು. ಮದುವೆಮನೆಯಲ್ಲಿ ಎಲ್ಲರಿಗೂ ಎಲೆ ಹಾಕಿ ನಮ್ಮನ್ನು ಮರೆತ ಹಾಗೆ. ತಿರುಗಿ ನೋಡಿದರೆ ಹಿಂದಿನ ಬೆಂಚಿನಲ್ಲಿ ಟೈಲರ್ ಅಂಕಲ್. ಅವರ ಸುತ್ತ ಏಳೆಂಟು ವ್ಯಾನಿಟಿ ಬ್ಯಾಗು, ಎರಡು ಹೆಲ್ಮೆಟ್ಟು, ಯಾರದೋ ನೀರಿನ ಬಾಟಲಿ.

“ಇದೇನ್ ಅಂಕಲ್?” ಎಂದು ಪಿಸುಗುಟ್ಟಿದೆ.

“ಎಲ್ರೂ ಹೋದ್ರೆ ಬ್ಯಾಗ್ ನೋಡ್ಕೊಳ್ಳೋರು ಒಬ್ರು ಬೇಕಲ್ಲಮ್ಮ” ಎಂದರು.

ಸಿರಿಯನ್ ಚರ್ಚಿನಲ್ಲೂ ಅದೇ ಕತೆಯಂತೆ. ಅಲ್ಲಿಯೂ ಅವರು ಸಾಲಿಗೆ ಸೇರುವ ಹಾಗಿರಲಿಲ್ಲ. ತಿಂಗಳಿಗೆ ಎರಡು ಭಾನುವಾರ ಹೀಗೆ ಊರವರ ಬ್ಯಾಗು ಕಾಯುತ್ತ ಕೂತವರು ಅವರು. ಅದನ್ನು ತಮಾಷೆ ಮಾಡಿ ಹೇಳುತ್ತಿದ್ದರು, ನಾವು ತಮಾಷೆಯೆಂದೇ ಕೇಳುತ್ತಿದ್ದೆವು.

ಜನವರಿಯಲ್ಲಿ ಎಲ್ಲ ಪಂಗಡದವರೂ ಸೇರಿ ಐಕ್ಯಕ್ಕಾಗಿ ಪ್ರಾರ್ಥನೆ ಮಾಡುವ ಪದ್ಧತಿ ಇದೆ. ಎರಡು ವರ್ಷದ ಹಿಂದೆ ನಮ್ಮ ಸಭೆಯಲ್ಲಿ ಅದು ನಡೆಯಿತು. ಫಾದರ್, ನಮ್ಮ ಸಭಾಪಾಲಕರು, ಅಚ್ಚನ್, ಪಾಸ್ಟರ್ ನಾಲ್ವರೂ ವೇದಿಕೆಯ ಮೇಲೆ. ನಾವೆಲ್ಲ ಒಂದೇ ದೇಹದ ಅಂಗಗಳು ಎಂದು ಒಬ್ಬೊಬ್ಬರೂ ಇಪ್ಪತ್ತು ನಿಮಿಷ ಹೇಳಿದರು. ಒಟ್ಟಿಗೆ ರೊಟ್ಟಿ ಮುರಿದು ಪ್ರಸಾದ ಹಂಚಿಕೊಳ್ಳುವ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಕಾಫಿ, ಕೇಕು. ಟೈಲರ್ ಅಂಕಲ್ ಪೇಪರ್ ಲೋಟ ಹಿಡಿದು ಗೋಡೆ ಪಕ್ಕ ಒಬ್ಬರೇ ನಿಂತು ಮುಖದಲ್ಲೇ ನಗುತ್ತಿದ್ದರು. ನಾನು ಹೋಗಿ ಪಕ್ಕ ನಿಂತೆ.

“ಯಾರಿಗೂ ಹೇಳ್ಬೇಡಿ ಟೀಚರಮ್ಮ” ಎಂದರು. “ಆ ನಾಲ್ವರು ಹಾಕಿರೋದೂ ಒಂದೇ ಥಾನಿನ ಬಟ್ಟೆ. ಚಿಕ್ಕಪೇಟೆಯಿಂದ ಒಂದೇ ಸುತ್ತು ತಂದು ನಾಲ್ಕಕ್ಕೂ ಕತ್ತರಿಸಿದೆ.”

“ಹೇಳಿದ್ರೆ ಏನಂತೆ?”

“ಅಯ್ಯೋ ಬೇಡ. ಯಾರ್ದು ಮೊದ್ಲು ಕತ್ತರ್ಸಿದ್ರಿ ಅಂತ ಕೇಳ್ತಾರೆ.”

ಅವರ ಹತ್ತಿರ ಬೇಕಾದಷ್ಟು ಹಾಸ್ಯವಿತ್ತು, ಹೇಳಿಕೊಳ್ಳುವುದಕ್ಕೆ ಜನ ಇರಲಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮಂಗಳವಾರ, ಗುರುವಾರ ಬೆಳಿಗ್ಗೆ ಸಭೆಯ ಆಫೀಸಿನಲ್ಲಿ ಕೂರತೊಡಗಿದೆ. ಸದಸ್ಯರ ರಿಜಿಸ್ಟರು, ದೀಕ್ಷಾಸ್ನಾನದ ಸರ್ಟಿಫಿಕೇಟು, ಫೋನು ನೋಡಿಕೊಳ್ಳುವುದು ನನ್ನ ಪಾಲಿಗೆ. ಅಂಕಲ್ ಆ ದಾರಿಯಲ್ಲಿ ಹೋದರೆ ಕಿಟಕಿಯಲ್ಲಿ ತಲೆ ಹಾಕಿ ಒಂದು ಮಾತಾಡಿ ಹೋಗುವರು. ಕೆಲವು ಸಲ ನನಗೆ ಕೆಲಸವಿರುತ್ತಿತ್ತು. ಪೆನ್ನು ಕೆಳಗಿಡದೆ ಹೂಂ ಹೂಂ ಎನ್ನುತ್ತಿದ್ದೆ.

ಈ ವರ್ಷ ಮಾರ್ಚಿನಲ್ಲಿ ಐದು ಭಾನುವಾರಗಳಿದ್ದವು. ಮೊದಲನೆಯದರಂದು ಅವರು ಯಜಮಾನರ ಚರ್ಚಿನಲ್ಲಿ ಇದ್ದರು. ಎರಡನೆಯದರಂದು ನಮ್ಮ ಸಭೆಯಲ್ಲಿ ಕಾಣಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಶ್ರಮೆಯ ನಲವತ್ತು ದಿನಗಳು ಶುರುವಾಗಿದ್ದವು, ಆ ಕಾಲದಲ್ಲಿ ಕ್ಯಾಥೊಲಿಕರಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ, ಧ್ಯಾನಕೂಟ ಎಂದು ಏನಾದರೂ ಇದ್ದೇ ಇರುತ್ತದೆ. ಅಲ್ಲಿಗೆ ಹೋಗಿರಬೇಕು ಅಂದುಕೊಂಡೆ. ಯಜಮಾನರು ಶುಕ್ರವಾರದ ಶಿಲುಬೆಯ ಹಾದಿಯಲ್ಲಿ ಅವರನ್ನು ಕಾಣದೆ, ನಮ್ಮ ಸಭೆಯ ಕೂಟಕ್ಕೆ ಹೋಗಿರಬೇಕು ಅಂದುಕೊಂಡರು. ನಾಲ್ಕನೇ ಭಾನುವಾರ ಮಗಳು ಕೀಬೋರ್ಡಿನ ಹಿಂದಿನಿಂದ ನೋಡಿದಳು, ಇರಲಿಲ್ಲ. ಅಪ್ಪನ ಚರ್ಚಿಗೋ ಅಮ್ಮನ ಚರ್ಚಿಗೋ ಹೋಗಿರುತ್ತಾರೆ ಅಂದುಕೊಂಡಳು. ಮೂವರೂ ಒಂದೇ ಮೇಜಿನಲ್ಲಿ ಊಟ ಮಾಡುವವರು. ಒಬ್ಬರಾದರೂ ಬಾಯಿಬಿಟ್ಟು ಹೇಳಲಿಲ್ಲ. ಆ ನಡುವೆ ನಾನು ಸಾರಕ್ಕಿಗೆ ಹೋಗುವಾಗ ಶಟರ್ ಇಳಿದಿರುವುದನ್ನೂ ನೋಡಿದ್ದೆ. ಬಟ್ಟೆ ತರಲು ಚಿಕ್ಕಪೇಟೆಗೆ ಹೋಗಿರಬೇಕು ಎಂದುಕೊಂಡು, ಹುರುಳಿಕಾಳು ತೆಗೆದುಕೊಂಡು ಬಂದಿದ್ದೆ.

ಐದನೇ ಭಾನುವಾರ ಒಂದು ಗಂಟೆಯಾಯಿತು. ಗೇಟು ಸದ್ದಾಗಲಿಲ್ಲ. ಯಜಮಾನರು ಆ ನಲವತ್ತು ದಿನ ಮಾಂಸ ಮುಟ್ಟುವುದಿಲ್ಲವಾದ್ದರಿಂದ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಒಂದೂಕಾಲಾಯಿತು, ಒಂದೂವರೆಯಾಯಿತು. ಇವತ್ತು ಅವರು ಬೇರೆ ಯಾವ ಚರ್ಚಿಗೂ ಹೋಗಿರಲು ಸಾಧ್ಯವಿಲ್ಲ ಎಂಬುದು ಆಗ ಮೂವರಿಗೂ ಒಟ್ಟಿಗೇ ಹೊಳೆಯಿತು. ಮಗಳು ಫೋನ್ ಮಾಡಿದಳು, ಸ್ವಿಚ್ ಆಫ್. “ಅಮ್ಮಾ, ನಿಮ್ ಚರ್ಚಲ್ಲಿ ಹೋದ್ವಾರ ನೋಡಿದ್ಯಾ?” ಎಂದಳು. “ಇಲ್ವಲ್ಲೇ, ನಿಮ್ಮಲ್ಲಿ ಬಂದಿರ್ಲಿಲ್ವಾ?” ಎಂದೆ. ಇಬ್ಬರೂ ಯಜಮಾನರ ಮುಖ ನೋಡಿದೆವು. ಅವರು ಆಗಲೇ ಸ್ಕೂಟರಿನ ಕೀ ಹುಡುಕುತ್ತಿದ್ದರು.

ಅಂಗಡಿಯ ಪಕ್ಕದ ಇಸ್ತ್ರಿಯವನು ನಮ್ಮನ್ನೇ ಬೆರಗಿನಿಂದ ನೋಡಿದ. “ಬಿದ್ದು ಸೊಂಟ ಮುರ್ಕೊಂಡ್ರಲ್ಲ ಸಾರ್, ಮೂರ್ ವಾರದ್ ಮೇಲಾಯ್ತು. ನಾನೇ ಆಂಬುಲೆನ್ಸ್ ಕರ್ಸಿದ್ದು. ನಾಲ್ಕ್ ನಾಲ್ಕ್ ಚರ್ಚಿನೋರಿದ್ದಾರೆ, ನೋಡ್ಕೋತಾರೆ ಅಂತ ಸುಮ್ನಾದೆ. ನಿಮ್ಗೆ ಯಾರೂ ಹೇಳ್ಲಿಲ್ವಾ?” ಅವರ ಫೋನು ಅವನ ಮೇಜಿನ ಡ್ರಾಯರಿನಲ್ಲಿತ್ತು.

ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ, ಕಿಟಕಿಯಿಂದ ಎರಡನೇ ಮಂಚದಲ್ಲಿ ಮಲಗಿದ್ದರು. ಆಪರೇಷನ್ ಆಗಿತ್ತು. ಗಡ್ಡ ಬೆಳೆದು ಬೇರೆ ಯಾರೋ ಆಗಿದ್ದರು. ಅಕ್ಕಪಕ್ಕದ ಮಂಚಗಳಲ್ಲಿ ಹಣ್ಣು, ಫ್ಲಾಸ್ಕು, ಜನ. ಇವರ ಮೇಜಿನ ಮೇಲೆ ಆಸ್ಪತ್ರೆಯ ಸ್ಟೀಲ್ ಲೋಟ ಒಂದೇ. ನಮ್ಮನ್ನು ನೋಡಿ, “ಐದನೇ ಭಾನುವಾರನಾ ಇವತ್ತು? ಊಟಕ್ಕೆ ಕಾಯ್ಸಿಬಿಟ್ನಲ್ಲ” ಎಂದರು. ಯಜಮಾನರು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನಾನು ಎರಡನೇ ಸಲ ನೋಡಿದ್ದು.

ಆಮೇಲೆ ಅವರು ಇದ್ದದ್ದು ಹದಿನೆಂಟು ದಿನ. ಶ್ವಾಸಕೋಶಕ್ಕೆ ಸೋಂಕು ತಗಲಿ ಈಸ್ಟರಿಗೆ ಮೂರು ದಿನ ಮುಂಚೆ ಹೋದರು. ಗುಡ್ ಫ್ರೈಡೇ ಬರುವ ಆ ಮೂರು ದಿನ ನಾಲ್ಕೂ ಚರ್ಚುಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಶನಿವಾರ ಬೆಳಿಗ್ಗೆ ಸಮಾಧಿ ಮಾಡುವಾಗ ಇದ್ದವರು ನಾವು ಮೂವರು, ಇಸ್ತ್ರಿಯವನು, ಮತ್ತು ಯಜಮಾನರ ಚರ್ಚಿನ ಫಾದರ್. ಒಳ್ಳೆಯ ಮನುಷ್ಯ, ಹೆಂಡತಿಯ ಪಕ್ಕದಲ್ಲೇ ಜಾಗ ಕೊಟ್ಟರು. ಉಳಿದ ಮೂರು ಚರ್ಚಿನ ಪಾದ್ರಿಗಳೂ ಆಮೇಲೆ ನಮ್ಮ ಮನೆಗೆ ಬಂದರು. ಪಾಪ, ಅವರು ಬೇರೆ ಚರ್ಚಿನವರೆಂದೇ ನಾವು ತಿಳಿದಿದ್ದೆವು ಎಂದು ಮೂವರೂ ಹೇಳಿದರು. ನಾನು ಕಾಫಿ ಕೊಟ್ಟೆ. ಅವರನ್ನು ಬೈಯುವ ಬಾಯಿ ನನಗಿರಲಿಲ್ಲ.

ಯಾಕೆ ಇರಲಿಲ್ಲ ಎಂಬುದನ್ನು ಹೇಳಲೆಂದೇ ಇಷ್ಟು ಬರೆದೆ. ಆ ಐದನೇ ಭಾನುವಾರ ಆಸ್ಪತ್ರೆಯಲ್ಲಿ ಯಜಮಾನರು, ಮಗಳು ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದಾಗ ವಾರ್ಡಿನ ನರ್ಸು ನನ್ನನ್ನು ಕಾರಿಡಾರಿಗೆ ಕರೆದಳು. ಅವಳಿಗೆ ಸಿಟ್ಟು ಬಂದಿತ್ತು, ಬರಲೇಬೇಕಿತ್ತು.

“ಇಷ್ಟ್ ದಿನ ಎಲ್ಲಿದ್ರಿ ಮೇಡಂ? ನಾನು ನಾಲ್ಕು ಚರ್ಚಿಗೂ ಫೋನ್ ಮಾಡಿದೀನಿ. ಎಲ್ಲಾ ಕಡೆ ಅದೇ ಮಾತು, ನಮ್ಮ ಲಿಸ್ಟಲ್ಲಿ ಇಲ್ಲ, ಬೇರೆ ಚರ್ಚಿಗೆ ಕೇಳಿ ಅಂತ. ಒಂದ್ ಕಡೆಗಂತೂ ತಾತನೇ ದಿನ ಹೇಳಿದ್ರು. ಮಂಗಳವಾರ ಬೆಳಿಗ್ಗೆನೇ ಮಾಡಮ್ಮ, ಅವತ್ತು ಅಲ್ಲಿ ನನ್ನ ಗೊತ್ತಿರೋರು ಇರ್ತಾರೆ ಅಂತ. ತಾತ ಕೇಳಿಸ್ಕೊಳ್ಲಿ ಅಂತ ಸ್ಪೀಕರ್‌ನಲ್ಲೇ ಇಟ್ಟಿದ್ದೆ. ಯಾರೋ ಹೆಂಗಸು, ಕನ್ನಡ ಚೆನ್ನಾಗಿ ಮಾತಾಡ್ತಿದ್ರು. ರಿಜಿಸ್ಟರ್ ನೋಡ್ತೀನಿ ಇರಿ ಅಂದ್ರು, ನೋಡಿ ಇಲ್ಲ ಅಂದ್ರು.”

ಮಂಗಳವಾರ. ಹೌದು, ಒಂದು ಫೋನು ಬಂದಿತ್ತು. ಆಸ್ಪತ್ರೆಯಿಂದ, ಇಂಥ ಹೆಸರಿನವರು ನಿಮ್ಮ ಸಭೆಯವರಾ ಎಂದು. ಉದ್ದನೆಯ ಬೈಬಲ್ಲಿನ ಹೆಸರು, ಜೊತೆಗೆ ತಂದೆಯ ಹೆಸರು. ನಾನು ಕನ್ನಡಕ ಹಾಕಿಕೊಂಡು, ಆ ಹೆಸರಿನ ಮೊದಲಕ್ಷರದ ಪುಟ ತೆಗೆದು, ಬೆರಳಿಟ್ಟು ಮೇಲಿನಿಂದ ಕೆಳಗೆ ನೋಡಿದ್ದೆ. ಬಹಳ ಅಚ್ಚುಕಟ್ಟಾಗಿ ನೋಡಿದ್ದೆ. “ಇಲ್ಲಮ್ಮ, ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ” ಎಂದು ಹೇಳಿ, ರೋಗಿಗಾಗಿ ಪ್ರಾರ್ಥಿಸುತ್ತೇವೆ ಎಂದೂ ಸೇರಿಸಿ ಫೋನ್ ಇಟ್ಟಿದ್ದೆ. ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದರು ಎಂದು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಪ್ರಾರ್ಥನೆಯನ್ನೂ ಮಾಡಲಿಲ್ಲ, ಮರೆತೆ.

“ಮತ್ತೆ ಮಾಡಿ ವಿವರ್ಸಿ ಹೇಳ್ಲಾ ತಾತ ಅಂದೆ” ಎಂದಳು ನರ್ಸು. “ಬೇಡಮ್ಮ, ರಿಜಿಸ್ಟರ್ ನೋಡೇ ಹೇಳಿದ್ದಾರೆ, ಸರಿಯಾಗೇ ಹೇಳಿದ್ದಾರೆ ಅಂದ್ರು. ಆಮೇಲೆ ಯಾರಿಗೂ ಫೋನ್ ಮಾಡೋಕೆ ಬಿಡ್ಲಿಲ್ಲ.”

ಅವಳು ನನ್ನ ದನಿ ಗುರುತಿಸಲಿಲ್ಲ. ನಾನಾಗಿ ಹೇಳಲೂ ಇಲ್ಲ. ವಾರ್ಡಿಗೆ ವಾಪಸ್ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ಎಚ್ಚರವಾಗಿದ್ದರು. ಸುಳ್ಳು ಹೇಳಿ ಪಾರಾಗಬಹುದಿತ್ತು, ಅವತ್ತು ಆಫೀಸಿಗೆ ನಾನು ಹೋಗಿರಲಿಲ್ಲ ಎಂದರೆ ಮುಗಿಯುತ್ತಿತ್ತು.

“ಅಂಕಲ್, ಆ ಮಂಗಳವಾರ ಫೋನ್ ಎತ್ತಿದ್ದು ನಾನೇ” ಎಂದೆ.

“ಹೂಂ” ಎಂದರು.

“ನಿಮ್ಮ ಹೆಸರು ನಂಗೆ ಗೊತ್ತಿರ್ಲಿಲ್ಲ.”

ಅವರು ನನ್ನ ಕಡೆ ತಲೆ ತಿರುಗಿಸಿದರು.

“ನಿಮ್ಮ ಹೆಸ್ರೂ ನಂಗೆ ಗೊತ್ತಿಲ್ವಲ್ಲ ಟೀಚರಮ್ಮ” ಎಂದರು. “ಆದ್ರೆ ದನಿ ಗೊತ್ತಾಯ್ತು.”

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಕ್ಷಮೆ ಕೇಳಬಹುದಿತ್ತು.